ರಾತ್ರಿ ನೆಟ್ಟಗಿರುವ ಎಲೆಕ್ಟ್ರಿಕ್ ಕಾರು ಬೆಳಿಗ್ಗೆ ನೆಲಕ್ಕೆ ಕೂತಿರುತ್ತದೆ, ಕಂಪ್ರೆಸರ್ ಬದಲಾಯಿಸಬೇಕಾ?

ಬಸವನಗುಡಿ ಇವಿ
ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ತೊಂದರೆ ಬಂದಾಗಲೇ ಬಾಯಿ ಬರುವುದು ಅಲ್ವಾ.

ನನ್ನ ಹತ್ತಿರ ಇರುವುದು ಎಲೆಕ್ಟ್ರಿಕ್ ಎಸ್‌ಯುವಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಕಂಪನಿ ಹೆಸರು ಹೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ, ಬೇಡ. ನಾಲ್ಕು ವರ್ಷ ಹಳೆಯದು, 61,000 ಕಿ.ಮೀ. ಓಡಿದೆ, ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಶನ್, ಅಂದರೆ ಕಾರು ನಿಂತಿರುವುದು ಮಾಮೂಲಿ ಸ್ಪ್ರಿಂಗ್ ಬದಲು ಗಾಳಿ ಚೀಲಗಳ ಮೇಲೆ, ಅವಕ್ಕೆ ಗಾಳಿ ತುಂಬುವುದು ಕಂಪ್ರೆಸರ್. ವಾರಂಟಿ ಮುಗಿದಿದೆ. ಒಂದೂವರೆ ತಿಂಗಳಿಂದ ಏನಾಗುತ್ತಿದೆ ಅಂದರೆ, ರಾತ್ರಿ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದಾಗ ಎತ್ತರ ಸರಿಯಾಗಿರುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಕಾರು ಎಮ್ಮೆ ಮಲಗಿದ ಹಾಗೆ ಕೂತಿರುತ್ತದೆ. ಒಂದು ಕಡೆ ವಾಲಿರುವುದಿಲ್ಲ, ನಾಲ್ಕೂ ಕಡೆ ಹೆಚ್ಚುಕಡಿಮೆ ಸಮವಾಗಿ ಇಳಿದಿರುತ್ತದೆ. ಬಾಗಿಲು ತೆಗೆದ ಕೂಡಲೇ ಕಂಪ್ರೆಸರ್ ಗುರ್ ಅಂತ ಶುರು ಮಾಡುತ್ತದೆ. ಮೊದಲು ಒಂದು ನಿಮಿಷದೊಳಗೆ ಎದ್ದು ನಿಲ್ಲುತ್ತಿತ್ತು. ಈಗ ಮೂರ್ನಾಲ್ಕು ನಿಮಿಷ ಬೇಕು. ಕಳೆದ ವಾರ ಎರಡು ಸಲ ಅರ್ಧಕ್ಕೇ ನಿಂತು, ಸಸ್ಪೆನ್ಶನ್ ಬಿಸಿಯಾಗಿದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ ಅಂತ ಪರದೆಯಲ್ಲಿ ಬಂತು.

ಪೆಟ್ರೋಲ್ ಕಾರಾಗಿದ್ದರೆ ಎಂಜಿನ್ ಸದ್ದಿನಲ್ಲಿ ಇದೆಲ್ಲ ಕೇಳಿಸುತ್ತಲೇ ಇರಲಿಲ್ಲವೇನೋ. ಇಲ್ಲಿ ಕಾರು ಪೂರ್ತಿ ಮೌನ, ಕಂಪ್ರೆಸರ್ ಒಂದೇ ಕೂಗುವುದು. ಪಕ್ಕದ ಫ್ಲ್ಯಾಟಿನವರು ಮಿಕ್ಸಿ ಅಂದುಕೊಂಡಿದ್ದರಂತೆ.

ವರ್ಕ್‌ಶಾಪಿನವರು ಸ್ಕ್ಯಾನರ್ ಹಾಕಿ, ಕಂಪ್ರೆಸರ್ ಜಾಸ್ತಿ ಹೊತ್ತು ಓಡಿದೆ ಅಂತ ಕೋಡ್ ಬಂದಿದೆ, ಕಂಪ್ರೆಸರ್ ಹೋಗಿದೆ, ಜೊತೆಗೆ ಮುಂದಿನ ಎರಡೂ ಏರ್ ಸ್ಟ್ರಟ್ (ಗಾಳಿ ಚೀಲ, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗ) ಬದಲಾಯಿಸಿಬಿಡಿ ಅಂದರು. ಎಸ್ಟಿಮೇಟ್ ನೋಡಿ ಕುಡಿಯುತ್ತಿದ್ದ ಕಾಫಿ ತಣ್ಣಗಾಯಿತು. ನಾಲ್ಕೂ ಮುಕ್ಕಾಲು ಲಕ್ಷ. ಎಲ್ಲಿ ಸೋರುತ್ತಿದೆ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ಸಮವಾಗಿ ಇಳಿಯುತ್ತದೆ ಅಂದಮೇಲೆ ಕಂಪ್ರೆಸರೇ ಅಂತ ಅವರ ವಾದ. ಇದು ನಿಜವೇ? ಹಣ ಕೊಡುವ ಮುಂಚೆ ನಾನೇ ಮನೆಯಲ್ಲಿ ಏನಾದರೂ ನೋಡಬಹುದಾ?


ಸ್ಪ್ರಿಂಗ್ ಸಾಕು
ಭಾನುವಾರ, ರಾತ್ರಿ 11:15

ನಾಲ್ಕೂ ಗಾಳಿ ಚೀಲ ಕಿತ್ತು ಹಾಕಿ ಕಾಯಿಲ್ ಸ್ಪ್ರಿಂಗ್ ಹಾಕಿಸಿ ಗುರು. ತಲೆನೋವು ಕಾಯಂ ಆಗಿ ಹೋಗುತ್ತದೆ. ನಮ್ಮ ರಸ್ತೆಗೆ ಗಾಳಿ ಮೇಲೆ ಕಾರು ನಿಲ್ಲಿಸುವುದೇ ತಪ್ಪು. ಹೊಸ ವಿಷಯವೇನಲ್ಲ ಇದು. 1957ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಅಂತ ಒಂದು ದುಬಾರಿ ಕಾರು ಏರ್ ಸಸ್ಪೆನ್ಶನ್ ಜೊತೆ ಬಂತು. ಸೋರಿಕೆ ಕಾಟ ತಡೆಯಲಾರದೆ ಅದರ ಮಾಲೀಕರು ಬಹಳ ಜನ ಮಾಮೂಲಿ ಸ್ಪ್ರಿಂಗಿಗೆ ಬದಲಾಯಿಸಿಕೊಂಡರು. ಇಷ್ಟು ವರ್ಷ ಆದರೂ ಕಥೆ ಅದೇ.


ಹಳೇ ಡಿಪೋ ಮೇಸ್ತ್ರಿ
ಸೋಮವಾರ, ಬೆಳಿಗ್ಗೆ 6:20

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಈಗ ರಿಟೈರ್ಡ್. ಎಲೆಕ್ಟ್ರಿಕ್ ಕಾರು ನನ್ನ ವಿಷಯ ಅಲ್ಲ. ಆದರೆ ಗಾಳಿ ಮೇಲೆ ನಿಂತಿರುವ ಗಾಡಿ ಚೆನ್ನಾಗಿ ಗೊತ್ತು. ಐರಾವತದಲ್ಲಿ ಕೂತವರಿಗೆಲ್ಲ ಆ ಸುಖ ಗೊತ್ತಿದೆ. ಅದು ಕೆಳಗಿರುವ ರಬ್ಬರ್ ಬೆಲ್ಲೋ, ಅಂದರೆ ಗಾಳಿ ಚೀಲ, ಕೊಡುವ ಸುಖ. ಗಾಳಿಗೆ ಬಸ್ಸು ಬೇರೆ, ಕಾರು ಬೇರೆ ಅಂತಿಲ್ಲ, ತೂತು ಸಿಕ್ಕಿದ ಕಡೆ ಹೋಗುತ್ತದೆ.

ಮೊದಲು ಒಂದು ಮಾತು. ಕಂಪ್ರೆಸರ್ ಕೆಟ್ಟರೆ ಗಾಡಿ ಮೇಲೆ ಏಳುವುದಿಲ್ಲ. ನಿಂತಿದ್ದ ಗಾಡಿ ಕೆಳಗೆ ಇಳಿಯುವುದು ಕಂಪ್ರೆಸರಿನಿಂದ ಅಲ್ಲ, ಸೋರಿಕೆಯಿಂದ. ಎರಡೂ ಬೇರೆ ಬೇರೆ ದೂರು. ನಿಮ್ಮದರಲ್ಲಿ ರಾತ್ರಿ ಇಳಿಯುವ ದೂರು ಮೊದಲು ಬಂದಿದೆ, ನಿಧಾನವಾಗಿ ಏಳುವ ದೂರು ಆಮೇಲೆ ಬಂದಿದೆ. ಅಂದರೆ ಎಲ್ಲೋ ಸೋರುತ್ತಿದೆ, ಅದನ್ನು ತುಂಬಿ ತುಂಬಿ ಕಂಪ್ರೆಸರ್ ಸುಸ್ತಾಗಿದೆ. ಹೊಸ ಕಂಪ್ರೆಸರ್ ಹಾಕಿದರೆ ಅದೂ ಆರು ತಿಂಗಳೋ ವರ್ಷವೋ ದುಡಿದು ಅದೇ ದಾರಿ ಹಿಡಿಯುತ್ತದೆ. ತೂತು ಕೊಡಕ್ಕೆ ಹೊಸ ಹಗ್ಗ ಕಟ್ಟಿದ ಹಾಗೆ.

ಇನ್ನು ಸಮವಾಗಿ ಇಳಿಯುವ ವಿಷಯ. ಬಸ್ಸಿನಲ್ಲಿ ಎತ್ತರ ಸರಿಮಾಡಲು ಕಡ್ಡಿ ಇರುವ ಲೆವೆಲಿಂಗ್ ವಾಲ್ವ್ ಇರುತ್ತದೆ, ಅದಕ್ಕೆ ಬುದ್ಧಿ ಇಲ್ಲ. ಸೋರಿದ ಮೂಲೆ ಮಾತ್ರ ಕೂರುತ್ತದೆ, ಬೆಳಿಗ್ಗೆ ಬಂದವನಿಗೆ ಕಣ್ಣಿಗೆ ಕಾಣುತ್ತದೆ. ಕಾರಿನಲ್ಲಿ ಕಂಪ್ಯೂಟರ್ ಇದೆ. ಅದು ಏನು ಮಾಡುತ್ತದೆ ಅಂತ ಕಾರು ಗೊತ್ತಿರುವವರು ಹೇಳಲಿ.

ಎರಡು ಪ್ರಶ್ನೆ. ಈ ಕಾರಿಗೆ ಯಾವಾಗಲಾದರೂ ಡೆಂಟಿಂಗ್ ಪೇಂಟಿಂಗ್ ಆಗಿದೆಯಾ? ಯಾವ ಕಡೆ?


ಮಿಷಿಗನ್ ಮಂಜು
ಸೋಮವಾರ, ಬೆಳಿಗ್ಗೆ 8:05

ಮೇಸ್ತ್ರಿಗಳು ಹೇಳಿದ್ದು ನೂರಕ್ಕೆ ನೂರು. ಕಂಪ್ಯೂಟರ್ ಕಥೆ ನಾನು ಹೇಳುತ್ತೇನೆ, ಇದೇ ಕಥೆ ನಾನು ಇಲ್ಲಿ ಅನುಭವಿಸಿದ್ದೇನೆ, ಬೇರೆ ಕಾರಿನಲ್ಲಿ.

ಕಾರು ಲಾಕ್ ಮಾಡಿ ಹೋದಮೇಲೂ ಸಸ್ಪೆನ್ಶನ್ ಕಂಪ್ಯೂಟರ್ ಆಗಾಗ ಎದ್ದು ನಾಲ್ಕು ಹೈಟ್ ಸೆನ್ಸರ್ ನೋಡುತ್ತದೆ. ಒಂದು ಮೂಲೆ ಇಳಿದಿದೆ ಅಂತ ಕಂಡರೆ, ಅದನ್ನು ಮೇಲೆತ್ತಲು ಕಂಪ್ರೆಸರ್ ಓಡಿಸುವ ಬದಲು ಉಳಿದ ಮೂರು ಮೂಲೆಯ ಗಾಳಿ ಬಿಟ್ಟು ಆ ಮಟ್ಟಕ್ಕೆ ತರುತ್ತದೆ. ಕಾರು ವಾಲಬಾರದು, ಬ್ಯಾಟರಿಯೂ ಖರ್ಚಾಗಬಾರದು ಅನ್ನುವುದು ಲೆಕ್ಕ. ಮತ್ತೆ ಎರಡು ಗಂಟೆ ಬಿಟ್ಟು ಅದೇ. ಬೆಳಗಾಗುವ ಹೊತ್ತಿಗೆ ಸೋರುವ ಒಂದು ಮೂಲೆ ನಾಲ್ಕನ್ನೂ ನೆಲಕ್ಕೆ ಎಳೆದಿರುತ್ತದೆ. ಸಮವಾಗಿ ಇಳಿದಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕಳ್ಳ ಒಬ್ಬ, ಸಿಕ್ಕಿಬಿದ್ದವರು ನಾಲ್ವರು.

ಅದಕ್ಕೇ ಮೊದಲು ಈ ಬುದ್ಧಿವಂತಿಕೆಯನ್ನು ಆಫ್ ಮಾಡಬೇಕು. ನಿಮ್ಮ ಕಾರಿನ ಮೆನುವಿನಲ್ಲಿ ಜಾಕ್ ಮೋಡ್ ಅಂತಲೋ ಟೈರ್ ಬದಲಾಯಿಸುವ ಮೋಡ್ ಅಂತಲೋ ಇರುತ್ತದೆ. ಟೈರ್ ಬಿಚ್ಚಲು ಕಾರು ಎತ್ತಿದಾಗ ಸಸ್ಪೆನ್ಶನ್ ಗಾಬರಿಯಾಗಿ ಎತ್ತರ ಸರಿಮಾಡಲು ಹೋಗಬಾರದು ಅಂತ ಅದು ಇರುವುದು. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅದನ್ನು ಆನ್ ಮಾಡಿ. ಟೇಪ್ ಹಿಡಿದು ಚಕ್ರದ ನಡುಭಾಗದಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನ ತನಕ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಬೆಳಿಗ್ಗೆ ಕಾರನ್ನು ಮುಟ್ಟುವ ಮುಂಚೆ, ಬಾಗಿಲು ತೆಗೆಯುವ ಮುಂಚೆ, ಕೀ ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋಗುವ ಮುಂಚೆಯೇ ಅಂತ ಇಟ್ಟುಕೊಳ್ಳಿ, ಮತ್ತೆ ಅಳೆಯಿರಿ. ಕೀ ಮನೆಯಲ್ಲೇ ಬಿಟ್ಟು ಹೋಗಿ. ಇಲ್ಲದಿದ್ದರೆ ಕಾರು ಎದ್ದುಬಿಡುತ್ತದೆ.

ಎಲ್ಲ ಮೂಲೆಯೂ ಸ್ವಲ್ಪ ಇಳಿದೇ ಇಳಿಯುತ್ತದೆ, ಅದಕ್ಕೆ ಹೆದರಬೇಡಿ. ಗಾಳಿ ತಣ್ಣಗಾದರೆ ಕುಗ್ಗುತ್ತದೆ. ಕಾರಿನ ತೂಕ ಬದಲಾಗಿಲ್ಲ, ಆದ್ದರಿಂದ ಏರ್ ಸ್ಪ್ರಿಂಗಿನ, ಅಂದರೆ ಆ ಗಾಳಿ ಚೀಲದ, ಒಳಗಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಗಾಳಿಯ ಗಾತ್ರ ಕಮ್ಮಿಯಾಗುತ್ತದೆ, ಎತ್ತರ ಇಳಿಯುತ್ತದೆ. 28 ಡಿಗ್ರಿಯಿಂದ 15 ಡಿಗ್ರಿಗೆ ಬಂದರೆ ಗಾತ್ರ ಶೇಕಡ 4ರಷ್ಟು ಕಮ್ಮಿ. ಬೆಂಗಳೂರಿನ ಚಳಿಯಲ್ಲಿ ಕೆಲವು ಮಿಲಿಮೀಟರ್ ಅಷ್ಟೇ. ನಮ್ಮಲ್ಲಿ 20ರ ಗ್ಯಾರೇಜಿನಿಂದ ಮೈನಸ್ 15ಕ್ಕೆ ತಂದು ನಿಲ್ಲಿಸಿದರೆ ಶೇಕಡ 12, ಕಣ್ಣಿಗೇ ಕಾಣುತ್ತದೆ. ಒಂದು ಮೂಲೆ ಮಾತ್ರ ಉಳಿದವಕ್ಕಿಂತ ಎಷ್ಟು ಜಾಸ್ತಿ ಇಳಿದಿದೆ ಅನ್ನುವುದು ಮುಖ್ಯ.

ಇನ್ನೊಂದು, 12 ವೋಲ್ಟ್ ಬ್ಯಾಟರಿ ನೋಡಿಸಿ. ಎಲೆಕ್ಟ್ರಿಕ್ ಕಾರಿನಲ್ಲೂ ಅದು ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಲಾಕ್, ದೀಪ, ಕಂಪ್ಯೂಟರ್, ಹೆಚ್ಚಿನ ಕಾರುಗಳಲ್ಲಿ ಈ ಕಂಪ್ರೆಸರ್ ಕೂಡ, ಎಲ್ಲ ಅದರ ಮೇಲೆ. ಕಂಪ್ರೆಸರ್ ಒಳ್ಳೆ ಕರೆಂಟ್ ಎಳೆಯುತ್ತದೆ. ಬ್ಯಾಟರಿ ಸೊರಗಿದ್ದರೆ ವೋಲ್ಟೇಜ್ ಕುಸಿದು ಸಸ್ಪೆನ್ಶನ್ ದೋಷ ಅಂತ ಸುಳ್ಳು ಸಂದೇಶ ಬರುತ್ತದೆ. ಮೂರ್ನಾಲ್ಕು ವರ್ಷದ ಹಳೇ ಬ್ಯಾಟರಿ ಇದ್ದರೆ ಅನುಮಾನ ಪಡುವುದೇ ಸರಿ.


ಕರಾವಳಿ ಕಾರು
ಸೋಮವಾರ, ಬೆಳಿಗ್ಗೆ 9:30

ಇಲಿ. ಬರೆದಿಟ್ಟುಕೊಳ್ಳಿ. ಬೇಸ್‌ಮೆಂಟ್ ಪಾರ್ಕಿಂಗ್, ಪ್ಲಾಸ್ಟಿಕ್ ಪೈಪು, ಇನ್ನೇನು ಬೇಕು. ನಮ್ಮ ಮಂಗಳೂರು ಮನೆಯಲ್ಲಿ ವಾಷರ್ ಪೈಪನ್ನೇ ಮೂರು ಸಲ ಕಡಿದಿವೆ.

ಅಂದಹಾಗೆ, ಟ್ಯೂಬ್‌ಲೆಸ್ ಟೈರಿಗೆ ಹಾಕುವ ಸೀಲೆಂಟ್ ಏರ್ ಸ್ಪ್ರಿಂಗಿಗೂ ಹಾಕಬಹುದಾ? ಯಾರೋ ಹಾಕಿದ್ದಾರಂತೆ.


ಹಳೇ ಡಿಪೋ ಮೇಸ್ತ್ರಿ
ಸೋಮವಾರ, ಬೆಳಿಗ್ಗೆ 9:50

ಸೀಲೆಂಟ್ ಖಂಡಿತ ಬೇಡ. ಆ ಅಂಟು ವಾಲ್ವಿನ ಸಣ್ಣ ಕಿಂಡಿಯಲ್ಲಿ ಕೂತರೆ ನಾಲ್ಕೂ ಮೂಲೆ ಕೈಬಿಡಬೇಕು. ಹಾಕಿದವನು ಆಮೇಲೆ ಏನು ಮಾಡಿದ ಅಂತಲೂ ಕೇಳಿ.


ಬಸವನಗುಡಿ ಇವಿ
ಮಂಗಳವಾರ, ಬೆಳಿಗ್ಗೆ 7:45

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಜಾಕ್ ಮೋಡ್ ಹಾಕಿ ಅಳೆದೆ. ವಾಚ್‌ಮ್ಯಾನ್ ಟಾರ್ಚ್ ಹಿಡಿದುಕೊಂಡು ನಿಂತಿದ್ದ, ಏನು ಸಾರ್ ಕಾರಿಗೆ ಷರ್ಟ್ ಹೊಲಿಸುತ್ತೀರಾ ಅಂದ.

ಒಂಬತ್ತು ಗಂಟೆ ಬಿಟ್ಟು ನೋಡಿದಾಗ ಹೀಗಿದೆ. ಮುಂದಿನ ಬಲ 4 ಮಿ.ಮೀ. ಇಳಿದಿದೆ. ಹಿಂದಿನ ಎಡ 3, ಹಿಂದಿನ ಬಲ 4. ಮುಂದಿನ ಎಡ 43! ಕಾರು ಮೊದಲ ಸಲ ವಾಲಿಕೊಂಡು ನಿಂತಿದ್ದು ನೋಡಿದೆ. ಮಂಜು ಅವರೇ, ಕಳ್ಳ ಸಿಕ್ಕಿದ.

ಮೇಸ್ತ್ರಿಗಳೇ, ನೀವು ಡೆಂಟಿಂಗ್ ಕೇಳಿದ್ದಿರಿ. ಎಂಟು ತಿಂಗಳ ಹಿಂದೆ ಒಬ್ಬ ಆಟೋದವನು ಮುಂದೆ ತಾಗಿಸಿದ್ದ. ಬಂಪರ್ ಬಿಚ್ಚಿ ರಿಪೇರಿ ಆಯಿತು, ಎಡಗಡೆ ಫೆಂಡರಿಗೂ ಪೇಂಟ್ ಆಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಆಮೇಲೆ ಆರು ತಿಂಗಳು ಏನೂ ಆಗಿರಲಿಲ್ಲವಲ್ಲ.

12 ವೋಲ್ಟ್ ಬ್ಯಾಟರಿ ಪರೀಕ್ಷೆ ಮಾಡಿಸಿದೆ, ಸರಿ ಇದೆ, ಹೋದ ವರ್ಷವೇ ಬದಲಾಗಿದೆಯಂತೆ.


ಹಳೇ ಡಿಪೋ ಮೇಸ್ತ್ರಿ
ಮಂಗಳವಾರ, ಬೆಳಿಗ್ಗೆ 8:30

ಸಂಬಂಧ ಇದೆ ಅನ್ನುವುದೇ ನನ್ನ ಅನುಮಾನ. ಬಂಪರ್ ಬಿಚ್ಚುವಾಗ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಬಿಚ್ಚಬೇಕು. ಅದರ ಹಿಂದೆಯೇ ಗಾಳಿ ಪೈಪು ಹೋಗಿರುತ್ತದೆ. ವಾಪಸ್ ಹಾಕುವಾಗ ಒಂದು ಕ್ಲಿಪ್ ಮುರಿದರೆ, ಪೇಂಟ್ ಅಂಗಡಿಯ ಹುಡುಗ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಪೈಪು ಎಲ್ಲೋ ಒಂದು ತಗಡಿನ ಅಂಚಿಗೆ ತಾಗಿಕೊಂಡು ಕೂರುತ್ತದೆ. ಪ್ರತಿ ರೋಡ್ ಹಂಪಿಗೂ ಒಂದು ಸಲ ಉಜ್ಜುತ್ತದೆ. ನೈಲಾನ್ ಗಟ್ಟಿ, ಆರು ತಿಂಗಳು ತಡೆಯುತ್ತದೆ. ಆಮೇಲೆ ಸೂಜಿ ಮೊನೆಯಷ್ಟು ತೂತು.

ಆದರೆ ಇದು ಊಹೆ. ನೋಡಿಯೇ ಹೇಳಬೇಕು. ಆ ಮೂಲೆ ಸೋರಲು ನಾಲ್ಕು ಜಾಗ ಇದೆ. ರಬ್ಬರ್ ಬೆಲ್ಲೋ, ಅದರ ತಲೆಯ ಮೇಲಿನ ಪೈಪಿನ ಜಾಯಿಂಟ್, ದಾರಿಯಲ್ಲಿ ಪೈಪು, ನಾಲ್ಕೂ ಮೂಲೆಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿನಲ್ಲಿ ಆ ಮೂಲೆಯ ವಾಲ್ವ್. ನಾಲ್ಕಕ್ಕೂ ಔಷಧಿ ಬೇರೆ, ಖರ್ಚೂ ಬೇರೆ.

ಹುಡುಕುವುದು ಹೇಗೆ ಅಂದರೆ, ಸಿಲಿಂಡರ್ ರೆಗ್ಯುಲೇಟರಿಗೆ ಸೋಪು ನೀರು ಹಚ್ಚುತ್ತೀರಲ್ಲ, ಅಷ್ಟೇ. ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಕಾರನ್ನು ಅತಿ ಎತ್ತರದ ಸೆಟ್ಟಿಂಗಿಗೆ ಏರಿಸಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಚಕ್ರದ ಹಿಂದಿನಿಂದ ಹೊಡೆಯಿರಿ. ಬೆಲ್ಲೋದಲ್ಲಿ ಕೆಳಗೆ ರಬ್ಬರ್ ಒಳಕ್ಕೆ ಮಡಚಿಕೊಳ್ಳುವ ಜಾಗ ಇದೆ, ಹಳೇ ಬೆಲ್ಲೋ ಬಿರಿಯುವುದು ಅಲ್ಲೇ. ಅಲ್ಲಿ ಚೆನ್ನಾಗಿ ಒದ್ದೆ ಮಾಡಿ. ಆಮೇಲೆ ಜಾಯಿಂಟ್. ಹೊಡೆದು ಕೂಡಲೇ ಎದ್ದು ಹೋಗಬೇಡಿ. ಸಣ್ಣ ಸೋರಿಕೆ ಅಕ್ಕಿ ಕಾಳಿನಷ್ಟು ಗುಳ್ಳೆ ಬರಲು ಐದು ನಿಮಿಷ ತೆಗೆದುಕೊಳ್ಳುತ್ತದೆ. ಡಿಪೋದಲ್ಲಿ ನಮ್ಮ ಹಿರಿಯರೊಬ್ಬರು ಬೀಡಿ ಹಚ್ಚಿಕೊಂಡು ಕೂತು ನೋಡುತ್ತಿದ್ದರು. ಬೀಡಿ ಮುಗಿಯುವವರೆಗೆ ಗುಳ್ಳೆ ಬರದಿದ್ದರೆ ಆ ಜಾಗ ಸರಿ ಇದೆ ಅಂತ ಲೆಕ್ಕ. ನೀವು ಕಾಫಿ ಕುಡಿಯಿರಿ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು, ಕೈ ಕೂಡ ಹಾಕಬಾರದು. ಎರಡೂವರೆ ಟನ್ ಗಾಡಿ ಬುಸ್ ಅಂತ ಕೂರಲು ಒಂದು ಕ್ಷಣ ಸಾಕು. ಕೆಳಗೆ ನೋಡಬೇಕು ಅಂದರೆ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ.


ಮಿಷಿಗನ್ ಮಂಜು
ಮಂಗಳವಾರ, ಬೆಳಿಗ್ಗೆ 9:10

ಎಲೆಕ್ಟ್ರಿಕ್ ಕಾರಿಗೆ ಅದರ ಜೊತೆ ಇನ್ನೆರಡು ಮಾತು. ಕಾರಿನ ನೆಲವೇ ಬ್ಯಾಟರಿ. ಜಾಕ್ ಆಗಲಿ ಲಿಫ್ಟಿನ ತೋಳಾಗಲಿ ಕಂಪನಿ ಗುರುತು ಮಾಡಿರುವ ನಾಲ್ಕು ಜಾಗದಲ್ಲೇ ಕೂರಬೇಕು, ಎರಡಿಂಚು ಒಳಗೆ ಹೋದರೆ ಬ್ಯಾಟರಿ ಪೆಟ್ಟಿಗೆಗೇ ಪೆಟ್ಟು. ಇವಿ ಎತ್ತಿ ಅಭ್ಯಾಸ ಇಲ್ಲದ ಗ್ಯಾರೇಜ್ ಆದರೆ ನೀವೇ ಪಕ್ಕದಲ್ಲಿ ನಿಂತು ತೋರಿಸಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ, ಅದು ಹೈ ವೋಲ್ಟೇಜ್, ಅತ್ತ ಸ್ಪ್ರೇ ಬಾಟಲಿಯೂ ಬೇಡ, ಸ್ಪ್ಯಾನರೂ ಬೇಡ.

ಎರಡನೆಯದು, ಕಾರು ಪೂರ್ತಿ ಕೂತಿರುವಾಗ ಓಡಿಸಬೇಡಿ. ಮಾಮೂಲಿ ಕಾರಿನಲ್ಲಿ ಕೆಳಗೆ ತಾಗಿದರೆ ಸೈಲೆನ್ಸರ್ ಹೋಗುತ್ತದೆ. ಇಲ್ಲಿ ತಾಗುವುದು ಬ್ಯಾಟರಿ. 2013ರಲ್ಲಿ ಅಮೆರಿಕದಲ್ಲಿ ಎರಡು ಟೆಸ್ಲಾ ಮಾಡೆಲ್ ಎಸ್ ಕಾರುಗಳು ರಸ್ತೆ ಮೇಲೆ ಬಿದ್ದಿದ್ದ ಲೋಹದ ತುಂಡು ಕೆಳಗೆ ತಾಗಿ ಬೆಂಕಿ ಹತ್ತಿದ್ದವು. ಆಗ ಕಂಪನಿ ಮೊದಲು ಮಾಡಿದ್ದು ಏನು ಗೊತ್ತಾ, ಹೈವೇಯಲ್ಲಿ ಏರ್ ಸಸ್ಪೆನ್ಶನ್ ಕಾರನ್ನು ಅಷ್ಟು ಕೆಳಗೆ ಇಳಿಸದ ಹಾಗೆ ಸಾಫ್ಟ್‌ವೇರ್ ಬದಲಾಯಿಸಿದ್ದು. ಮುಂದಿನ ವರ್ಷ ಕೆಳಗೆ ಟೈಟಾನಿಯಂ ಕವಚ ಕೊಟ್ಟರು. ಎತ್ತರ ಅಂದರೆ ಬರೀ ಸುಖದ ವಿಷಯ ಅಲ್ಲ.

ಬೆಲ್ಲೋ, ಜಾಯಿಂಟ್ ಎಲ್ಲೂ ಗುಳ್ಳೆ ಬರದಿದ್ದರೆ ವಾಲ್ವ್ ಬ್ಲಾಕ್ ನೋಡಬೇಕು. ಅದರಲ್ಲಿ ಸೋರಿದರೆ ಗಾಳಿ ಹೊರಗೆ ಕಾಣುವ ಹಾಗೆ ಬರುವುದಿಲ್ಲ, ವ್ಯವಸ್ಥೆ ಗಾಳಿ ಉಗುಳುವ ಪೈಪಿನಿಂದ ಮೆಲ್ಲಗೆ ಹೋಗುತ್ತದೆ. ಆ ಪೈಪಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಅದ್ದಿ ನೋಡಿದರೆ ಗೊತ್ತಾಗುತ್ತದೆ, ಪಂಕ್ಚರ್ ಅಂಗಡಿಯವನು ಟ್ಯೂಬ್ ಅದ್ದುವ ಹಾಗೆ. ನನ್ನ ಕಾರಿನಲ್ಲಿ ಆಗಿದ್ದು ಅದೇ. ಕಂಪ್ರೆಸರಿನ ಡ್ರೈಯರ್ ತೇವ ಹೀರಿ ಹೀರಿ ಸತ್ತುಹೋಗಿತ್ತು, ನೀರು ವಾಲ್ವಿನವರೆಗೆ ಬಂದು ಚಳಿಗೆ ಮಂಜುಗಡ್ಡೆಯಾಗಿ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಬೇಸಿಗೆಯಲ್ಲಿ ಸರಿ, ಚಳಿಗಾಲದಲ್ಲಿ ಕೆಟ್ಟದ್ದು. ಎರಡು ವರ್ಷ ಅಲೆದೆ.


ಸ್ಪ್ರಿಂಗ್ ಸಾಕು
ಮಂಗಳವಾರ, ಬೆಳಿಗ್ಗೆ 10:25

ಸೋಪು ನೀರು, ಬೀಡಿ, ಬಾಟಲಿ... ಇಷ್ಟೆಲ್ಲ ಕಷ್ಟಕ್ಕಿಂತ ನಾನು ಹೇಳಿದ್ದೇ ಸುಲಭ ಅಲ್ವಾ?


ಮಿಷಿಗನ್ ಮಂಜು
ಮಂಗಳವಾರ, ಬೆಳಿಗ್ಗೆ 10:50

ಹದಿನೈದು ವರ್ಷದ ಹಳೇ ಪೆಟ್ರೋಲ್ ಕಾರಿಗೆ ಒಪ್ಪುತ್ತೇನೆ. ಇದಕ್ಕೆ ಬೇಡ. ಹೈಟ್ ಸೆನ್ಸರ್, ಡ್ಯಾಂಪರ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಒಂದಕ್ಕೊಂದು ಮಾತಾಡುತ್ತವೆ. ಸ್ಪ್ರಿಂಗ್ ಹಾಕಿದ ದಿನದಿಂದ ಪರದೆ ತುಂಬ ಕೆಂಪು ಸಂದೇಶ. ಅದನ್ನು ಮುಚ್ಚಿಡಲು ಕಂಪ್ಯೂಟರಿಗೆ ಸುಳ್ಳು ಹೇಳುವ ಒಂದು ಡಬ್ಬಿ ಬೇರೆ ಹಾಕಬೇಕು. ಅಷ್ಟು ತೂಕದ ಗಾಡಿಗೆ ಸರಿಯಾದ ಸ್ಪ್ರಿಂಗ್ ಸಿಗುವುದೂ ಕಷ್ಟ. ಹೈವೇಯಲ್ಲಿ ಕೆಳಗಿಳಿದು ಗಾಳಿ ತಡೆ ಕಮ್ಮಿ ಮಾಡಿ ರೇಂಜ್ ಉಳಿಸುತ್ತದಲ್ಲ, ಅದೂ ಹೋಯಿತು. ಇನ್ಶೂರೆನ್ಸ್ ಮಾತು ಎತ್ತುವುದೇ ಇಲ್ಲ ನಾನು.

1957ರ ಕಾರಿನಲ್ಲಿ ಇವತ್ತಿನ ರಬ್ಬರ್ ಇರಲಿಲ್ಲ, ಇವತ್ತಿನ ಸೀಲ್ ಇರಲಿಲ್ಲ. ಬಸ್ಸು ಲಾರಿಗಳಲ್ಲಿ ಲಕ್ಷಗಟ್ಟಲೆ ಕಿ.ಮೀ. ಓಡುತ್ತಿರುವುದೂ ಏರ್ ಸ್ಪ್ರಿಂಗೇ, ಮೇಸ್ತ್ರಿಗಳನ್ನೇ ಕೇಳಿ.


ಬಸವನಗುಡಿ ಇವಿ
ಶನಿವಾರ, ಸಂಜೆ 6:10

ಸಿಕ್ಕಿತು!!

ಮೊದಲು ಮನೆಯಲ್ಲೇ ಸೋಪು ನೀರು ಹೊಡೆದೆ. ಬೆಲ್ಲೋ ಸುತ್ತ ಏನೂ ಇಲ್ಲ. ಕೈಗೆ ಎಟುಕಿದ ಜಾಗದಲ್ಲೆಲ್ಲ ಹೊಡೆದೆ, ಎರಡು ಕಾಫಿ ಮುಗಿಯಿತು, ಒಂದು ಗುಳ್ಳೆಯೂ ಇಲ್ಲ. ಆಮೇಲೆ ನೆನಪಾಯಿತು, ಕಾರು ಪೂರ್ತಿ ಸೈಲೆಂಟ್ ಅಲ್ಲವೇ. ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಬೇಸ್‌ಮೆಂಟಿನ ಫ್ಯಾನ್ ನಿಂತಮೇಲೆ ಮುಂದಿನ ಎಡ ಚಕ್ರದ ಹತ್ತಿರ ಕಿವಿ ಇಟ್ಟು ಕೂತೆ. ಲೈನರ್ ಹಿಂದಿನಿಂದ ತೀರಾ ಸಣ್ಣ ಸ್ಸ್ ಸದ್ದು. ಇದೆಯೋ ಇಲ್ಲವೋ ಅನ್ನುವಷ್ಟು. ನನ್ನ ಮಗಳನ್ನು ಕರೆದು ಕೇಳಿಸಿದೆ, ಅವಳಿಗೂ ಕೇಳಿಸಿತು. ನನಗೆ ಐವತ್ತು ದಾಟಿದೆ, ಕಿವಿ ಮೇಲೆ ಅಷ್ಟು ಭರವಸೆ ಇಲ್ಲ.

ಇವತ್ತು ಬೆಳಿಗ್ಗೆ ಬೇರೆ ಗ್ಯಾರೇಜಿಗೆ ಹೋದೆ, ಸಣ್ಣದು, ಆದರೆ ಏರ್ ಸಸ್ಪೆನ್ಶನ್ ಕೆಲಸವೇ ಜಾಸ್ತಿ ಮಾಡುವವರು. ಲೈನರ್ ಬಿಚ್ಚಿದರು. ಮೇಸ್ತ್ರಿಗಳು ಬರೆದಿದ್ದನ್ನು ಓದಿಕೊಂಡೇ ಯಾರೋ ಅಲ್ಲಿ ಇಟ್ಟ ಹಾಗಿತ್ತು. ಪೈಪು ಕ್ಲಿಪ್ಪಿನಲ್ಲಿ ಇರಲಿಲ್ಲ, ಕ್ಲಿಪ್ಪೇ ಇರಲಿಲ್ಲ, ಒಂದು ಬ್ರಾಕೆಟ್ಟಿನ ಅಂಚಿಗೆ ತಾಗಿಕೊಂಡು ಒಂದು ಕಡೆ ಚಪ್ಪಟೆಯಾಗಿ ಸವೆದಿತ್ತು. ಸೋಪು ನೀರು ಹಾಕಿದ ತಕ್ಷಣ ಗುಳ್ಳೆ. ಇಲಿ ಹಲ್ಲಿನ ಗುರುತು ಇಲ್ಲ, ಕರಾವಳಿಯವರೇ ಕ್ಷಮಿಸಿ.

ಅಲ್ಲಿನ ಹುಡುಗ ಮೊದಲು ಸ್ಕ್ಯಾನರಿನಿಂದ ಆ ಮೂಲೆಯ ಗಾಳಿ ಇಳಿಸಿದ, ಆಮೇಲೆ ಪೈಪಿಗೆ ಕೈ ಹಾಕಿದ. ಗಾಳಿ ಇದ್ದಾಗ ನಟ್ ಬಿಚ್ಚಿದರೆ ಪೈಪು ಹಾವಿನ ಹಾಗೆ ಹೊಡೆಯುತ್ತದಂತೆ. ನನ್ನ ಟೈರಿನಲ್ಲಿ ಇರುವುದು ಸುಮಾರು 3 ಬಾರ್, ಈ ವ್ಯವಸ್ಥೆಯ ಟ್ಯಾಂಕಿನಲ್ಲಿ 10 ಬಾರಿಗಿಂತ ಮೇಲೆ. ಸವೆದ ಜಾಗ ಕತ್ತರಿಸಿ ನಡುವೆ ಜಾಯಿಂಟ್ ಹಾಕಬಹುದು ಅಂದ. ನಾನು ಪೀಣ್ಯದಲ್ಲಿ ಸಿಗುವ ಒತ್ತಿ ಕೂರಿಸುವ ಪ್ಲಾಸ್ಟಿಕ್ ಜಾಯಿಂಟ್ ಸಾಕಾ ಅಂತ ಕೇಳಿದೆ. ಅದು ಕಾರ್ಖಾನೆಯ ಮೆಷಿನ್ನಿಗೆ ಸರಿ ಸಾರ್, ಚಕ್ರದ ಪಕ್ಕದ ಕೆಸರು, ಅದುರು, ಬಿಸಿ ಅದಕ್ಕೆ ಆಗುವುದಿಲ್ಲ ಅಂದ. ಕೊನೆಗೆ ಪೂರ್ತಿ ಪೈಪು ಹೊಸದು ಹಾಕಿಸಿದೆ. ತುದಿಯ ನಟ್ಟಿನೊಳಗೆ ಒಂದು ಹಿತ್ತಾಳೆ ಬಳೆ ಇರುತ್ತದೆ, ಅದು ಪೈಪನ್ನು ಕಚ್ಚಿ ಹಿಡಿಯುತ್ತದೆ, ಹಳೆಯದನ್ನು ಮತ್ತೆ ಬಳಸಬಾರದಂತೆ. ಪೈಪಿನ ತುದಿ ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಬೇಕು. ಓರೆಯಾದರೆ ಮತ್ತೆ ಸೋರುತ್ತದೆ. ಪಕ್ಕದಲ್ಲಿ ನಿಂತು ಎಲ್ಲ ನೋಡಿದೆ.

ಇನ್ನೊಂದು ವಿಷಯವೂ ನೋಡಿದೆ. ಖಾಲಿಯಾದ ಏರ್ ಸ್ಪ್ರಿಂಗಿನ ಮೇಲೆ ಕಾರನ್ನು ನೇರ ಇಳಿಸಲಿಲ್ಲ. ಲಿಫ್ಟಿನಲ್ಲೇ ಸ್ವಲ್ಪ ಗಾಳಿ ತುಂಬಿ ರಬ್ಬರ್ ಮಡಿಕೆ ಸರಿಯಾಗಿ ಕೂತಿದೆ ಅಂತ ನೋಡಿ ಆಮೇಲೆ ಇಳಿಸಿದರು. ಇಲ್ಲದಿದ್ದರೆ ಮಡಿಕೆ ಸಿಕ್ಕಿಹಾಕಿಕೊಂಡು ಒಳ್ಳೆ ಬೆಲ್ಲೋ ಕೂಡ ಹರಿಯುತ್ತದಂತೆ.

ಈಗ ಕಂಪ್ರೆಸರ್ ಕಥೆ. ಮೊದಲಿನ ವರ್ಕ್‌ಶಾಪಿನವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸೋರಿಕೆ ನಿಂತಮೇಲೂ ಟ್ಯಾಂಕ್ ತುಂಬಲು ತುಂಬಾ ಹೊತ್ತು ತೆಗೆದುಕೊಂಡಿತು. ಬಿಚ್ಚಿ ನೋಡಿದರೆ ಪಿಸ್ಟನ್ ರಿಂಗ್ ಸವೆದಿದೆ, ಡ್ರೈಯರಿನ ಕಾಳುಗಳು ಒದ್ದೆಯಾಗಿ ಸ್ವಲ್ಪ ಪುಡಿಯಾಗಿವೆ. ರಿಂಗ್ ಬದಲಾಯಿಸಿ, ಡ್ರೈಯರಿಗೆ ಹೊಸ ಕಾಳು ತುಂಬಿ, ಕಂಪ್ರೆಸರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ ಕೂಡ ಹೊಸದು ಹಾಕಿದರು. ಹಳೇ ರಿಲೇ ಬಿಸಿಗೆ ಕಂದಿತ್ತು, ಅದು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟೇ ಹೋಗುತ್ತದೆ ಅಂದರು. ಎತ್ತರದ ಕ್ಯಾಲಿಬ್ರೇಶನ್ ಸ್ಕ್ಯಾನರಿನಲ್ಲಿ ಪರೀಕ್ಷಿಸಿದರು, ಸೆನ್ಸರ್ ಬಿಚ್ಚಿರಲಿಲ್ಲವಾದ್ದರಿಂದ ಸರಿ ಇತ್ತು.

ಎಲ್ಲ ಸೇರಿ 23,400 ರೂಪಾಯಿ. ನಾಲ್ಕೂ ಮುಕ್ಕಾಲು ಲಕ್ಷಕ್ಕೆ ಹೋಲಿಸಿದರೆ ಹಬ್ಬವೇ.


ಹಳೇ ಡಿಪೋ ಮೇಸ್ತ್ರಿ
ಶನಿವಾರ, ಸಂಜೆ 7:00

ಸಂತೋಷ. ಡ್ರೈಯರ್ ಮಾಡಿಸಿದ್ದು ಒಳ್ಳೆಯದಾಯಿತು. ಬಸ್ಸಿನ ಗಾಳಿ ಟ್ಯಾಂಕಿಗೆ ಕೆಳಗೆ ಒಂದು ಡ್ರೈನ್ ವಾಲ್ವ್ ಇರುತ್ತದೆ, ಅದನ್ನು ಎಳೆದು ನೀರು ಬಿಡುವುದು ನಮಗೆ ಅಭ್ಯಾಸವೇ ಆಗಿತ್ತು, ಮಳೆಗಾಲದಲ್ಲಿ ಎಷ್ಟು ನೀರು ಬರುತ್ತಿತ್ತು ಅಂದರೆ ನಂಬುವುದಿಲ್ಲ ನೀವು. ಕಾರಿನಲ್ಲಿ ಆ ಕೆಲಸವೆಲ್ಲ ಆ ಸಣ್ಣ ಡ್ರೈಯರಿನ ತಲೆ ಮೇಲೆ. ಸೋರಿಕೆ ಇದ್ದಷ್ಟು ದಿನ ಕಂಪ್ರೆಸರ್ ಹೊರಗಿನ ತೇವದ ಗಾಳಿ ಎಳೆಯುತ್ತಲೇ ಇರುತ್ತದೆ, ಅದಕ್ಕೆ ಒಣಗಲು ಪುರಸೊತ್ತೇ ಸಿಗುವುದಿಲ್ಲ.

ಒಂದು ಮಾತ್ರ ಮರೆತಿದ್ದೀರಿ. ಬಂಪರ್ ಬಿಚ್ಚಿದವರು ಒಂದೇ ಕಡೆಯ ಲೈನರ್ ಬಿಚ್ಚಿರುವುದಿಲ್ಲ. ಬಲಗಡೆ ನೋಡಿಸಿದಿರಾ?


ಬಸವನಗುಡಿ ಇವಿ
ಸೋಮವಾರ, ಬೆಳಿಗ್ಗೆ 8:15

ನಿನ್ನೆ ರಾತ್ರಿ ಮತ್ತೆ ಜಾಕ್ ಮೋಡ್ ಹಾಕಿ ಅಳೆದೆ. ಬೆಳಿಗ್ಗೆ ನಾಲ್ಕೂ ಕಡೆ 3, 4, 3, 4 ಮಿ.ಮೀ.

ಮೇಸ್ತ್ರಿಗಳೇ, ನಿಮ್ಮ ಪ್ರಶ್ನೆ ಓದಿ ಈಗ ತಾನೇ ಗ್ಯಾರೇಜಿಗೆ ಹೋಗಿ ಬಲಗಡೆ ಲೈನರ್ ಬಿಚ್ಚಿಸಿದೆ. ಅಲ್ಲೂ ಕ್ಲಿಪ್ ಇಲ್ಲ. ಪೈಪಿನ ಮೇಲೆ ಉಗುರು ತಾಗುವಷ್ಟು ಗೀರು ಬಿದ್ದಿದೆ, ಇನ್ನೂ ತೂತಾಗಿಲ್ಲ. ಎರಡು ಕ್ಲಿಪ್ಪಿಗೆ 180 ರೂಪಾಯಿ ಕೊಟ್ಟು ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.